ಹದಿನಾರು ನಿಮಿಷ

ಗಡಿಯಾರದ ಗುಂಡಿ ಟಕ್ ಎಂದದ್ದೇ ತಡ, ಜಟ್ಟನ ತೋಳುಗಳು ತಾವಾಗಿಯೇ ಬಿಗಿದುಕೊಂಡವು. ಹುಟ್ಟನ್ನು ಜಗ್ಗಿ ಎಳೆಯಬೇಕೆಂಬ ಆಸೆಯನ್ನು ಅವನು ಹಲ್ಲು ಕಚ್ಚಿ ತಡೆದ. ಎದುರಿಗೆ ದೋಣಿಯ ಹಿಂಬದಿಯ ಹಲಗೆಯ ಮೇಲೆ ಹೊಸ ಮ್ಯಾನೇಜರ್ ತುಳಸಿದಾಸರು ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಂಗೈಯಲ್ಲಿದ್ದ ಗಡಿಯಾರವನ್ನೇ ನೋಡುತ್ತ ಕುಳಿತಿದ್ದರು.

ಬೇಲೆಕೇರಿ ಬಂದರಿನಲ್ಲಿ ಆಗಬೋಟು, ಅಂದರೆ ಉಗಿಹಡಗು, ದಡಕ್ಕೆ ಬರುವುದಿಲ್ಲ. ಅರ್ಧ ಮೈಲು ಆಚೆ ಲಂಗರು ಹಾಕಿ ಕೂಗುತ್ತದೆ. ಮುಂಬೈಗೆ ಹೋಗುವವರನ್ನು ಅಲ್ಲಿಗೆ ಮುಟ್ಟಿಸುವುದು, ಅಲ್ಲಿ ಇಳಿದವರನ್ನು ದಡಕ್ಕೆ ತರುವುದು ಪಕ್ಕದ ಕೇಣಿ ಊರಿನವರ ಆರು ದೋಣಿಗಳ ಕೆಲಸ. ದೋಣಿಗೆ ಇಬ್ಬರು ಆಳು, ಪರವಾನಗಿಯ ಒಂದು ಹಿತ್ತಾಳೆ ಬಿಲ್ಲೆ. ಬಿಲ್ಲೆ ಹೋದರೆ ದೋಣಿಯ ಕೆಲಸವೂ ಹೋಯಿತು.

ತುಳಸಿದಾಸರು ಮುಂಬೈಯಲ್ಲಿ ಕಲಿತು ಆಗಬೋಟು ಕಂಪನಿಯ ಕಾರವಾರದ ಕಚೇರಿಗೆ ಬಂದವರು. ಅಮೆರಿಕದವರು ಕಬ್ಬಿಣ ಹೊರುವವರನ್ನೂ ಗಡಿಯಾರ ಹಿಡಿದೇ ತಿದ್ದಿದ್ದಾರಂತೆ. ಹಾಗಿದ್ದ ಮೇಲೆ ಬೇಲೆಕೇರಿಯವರೇನು ದೊಡ್ಡವರು? ಪ್ಯಾಸೆಂಜರನ್ನು ಹೊತ್ತು ದೋಣಿಯಲ್ಲಿ ಕೂರಿಸಲು ಮುಕ್ಕಾಲು ನಿಮಿಷ, ಗಂಟು ಎತ್ತಿಡಲು ಕಾಲು ನಿಮಿಷ ಎಂದು ಅವರು ಬರೆದುಕೊಳ್ಳುತ್ತಿದ್ದರು.

ಹೋದ ತಿಂಗಳು ಅವರು ಮೊದಲ ಸಲ ಗಡಿಯಾರ ಹಿಡಿದು ನಿಂತಾಗ ಜಟ್ಟ ಮಾಡಿದ ಎಡವಟ್ಟೇ ಇದಕ್ಕೆಲ್ಲ ಮೂಲ. ಹಿಂದೆ ಕಾರವಾರದ ದೋಣಿ ಪಂದ್ಯದಲ್ಲಿ ಒಬ್ಬ ಸಾಹೇಬ ಹೀಗೆಯೇ ಗಡಿಯಾರ ಹಿಡಿದಿದ್ದ, ಜಟ್ಟ ಗೆದ್ದು ಕೆಂಪು ರುಮಾಲು ತಂದಿದ್ದ. ಗಡಿಯಾರವೆಂದರೆ ಪಂದ್ಯ ಎಂದುಕೊಂಡು ಅಂದು ಅವನು ತೆರೆ ಕಾಯಲಿಲ್ಲ, ಯಾರನ್ನೂ ಕೈ ಹಿಡಿದು ಹತ್ತಿಸಲಿಲ್ಲ, ಎಳೆದೇ ಎಳೆದ. ಹೋಗಿ ಬರಲು ಹದಿನಾರು ನಿಮಿಷ. ದಡದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಮರುದಿನ ಬಂದರಿನ ಕಚೇರಿಯ ಹಲಗೆಯ ಮೇಲೆ ಸುಣ್ಣದಕಡ್ಡಿಯಲ್ಲಿ ಬರೆದಿತ್ತು: ಎಲ್ಲ ದೋಣಿಗಳಿಗೂ ಹದಿನಾರು ನಿಮಿಷ. ಮೂರು ಸಲ ತಡವಾದರೆ ಬಿಲ್ಲೆ ವಾಪಸ್.

ಜಟ್ಟನ ಬಾವ ಬೊಮ್ಮುವಿನ ಬಲಭುಜ ಮೊದಲೇ ಸೋತದ್ದು. ಅವನ ದೋಣಿ ಈಗಾಗಲೇ ಎರಡು ಸಲ ತಡವಾಗಿತ್ತು. ಜೊತೆಯ ಆಳೂ ಅವನನ್ನು ಬಿಟ್ಟು ಹೋಗಿದ್ದ. ಅಕ್ಕ ಗಂಗಿ ಎಂಟು ದಿನದಿಂದ ತಮ್ಮನೊಡನೆ ಮಾತು ಬಿಟ್ಟಿದ್ದಳು. ಜಟ್ಟನಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ.

ದೋಣಿಯವರೆಲ್ಲ ಸೇರಿ ಬೇಡಿಕೊಂಡ ಮೇಲೆ, ಅದೇ ಜಟ್ಟನನ್ನು ಇನ್ನೊಮ್ಮೆ ಅಳೆದು ನೋಡಲು ಮ್ಯಾನೇಜರು ಒಪ್ಪಿದ್ದರು. ಆದರೆ ಬೆಳಿಗ್ಗೆ ಅವನನ್ನು ಗೋದಾಮಿನ ಹಿಂದೆ ಕರೆದು ಹೇಳಿದ್ದರು: "ಹದಿನಾರು ತೋರಿಸು. ಆರೂ ದೋಣಿಗೆ ನಿನ್ನನ್ನೇ ತಾಂಡೇಲ ಮಾಡ್ತೇನೆ."

ತಾಂಡೇಲನೆಂದರೆ ದೋಣಿಯವರ ಮುಖಂಡ. ಜಟ್ಟನ ಅಪ್ಪ ಸಾಯುವವರೆಗೂ ತಾಂಡೇಲನಾಗಿದ್ದ.

ಅಲೆ ಒಡೆಯುವ ಜಾಗಕ್ಕೆ ಬಂದಾಗ ಜಟ್ಟ ಹುಟ್ಟನ್ನು ಮೇಲೆತ್ತಿ ಹಿಡಿದ. ಮೊದಲ ದೊಡ್ಡ ತೆರೆ ಬಂತು. ಎರಡನೆಯದು ಬಂತು. ದೋಣಿಯಲ್ಲಿದ್ದ ಅಗಸೂರಿನ ಮುದುಕಿ ನಾಗಮ್ಮ ತೆಂಗಿನಕಾಯಿಯ ಬುಟ್ಟಿಯನ್ನು ತಬ್ಬಿ ಕಣ್ಣು ಮುಚ್ಚಿದಳು.

"ಎಳಿ ಮಾರಾಯ, ಎಂತಾ ಮಾಡ್ತೆ?" ಎಂದು ಬೆನ್ನ ಹಿಂದಿನಿಂದ ಜೊತೆಗಾರ ಕುಪ್ಪ ಪಿಸುಗುಟ್ಟಿದ.

"ಒಂದೂವರೆ ನಿಮಿಷ ಸುಮ್ಮನೆ ಹೋಯಿತು," ಎಂದರು ತುಳಸಿದಾಸರು.

"ಸುಮ್ನೆ ಅಲ್ಲ ಒಡೆಯಾ. ಮೂರ್ನೇ ತೆರೆ ದಾಟ್ಬೇಕು."

ಮೂರನೆಯದು ಹಾದುಹೋಗಿ ಕಡಲು ಸಮನಾಯಿತು. ಜಟ್ಟ ಆಗ ಎಳೆದ. ಆಗಬೋಟಿನ ಏಣಿಯ ಬುಡದಲ್ಲಿ ದೋಣಿ ಏರಿಳಿಯುತ್ತಿತ್ತು. ಅಂದು ಇಂಥವಳೇ ಒಬ್ಬ ಮುದುಕಿಯ ರಟ್ಟೆ ಹಿಡಿದು ಏಣಿಗೆ ಎಸೆದದ್ದು ನೆನಪಾಗಿ ಅವನಿಗೆ ನಾಚಿಕೆಯಾಯಿತು. "ಸಾವ್ಕಾಶ ಅಮಾ. ದೋಣಿ ಮೇಲೆ ಬಂದಾಗ ಕಾಲಿಡು. ಈಗ ಬೇಡ... ಹಾಂ, ಈಗ." ನಾಗಮ್ಮ ಮೆಟ್ಟಿಲು ಹತ್ತಿದಳು. ಗಡಿಯಾರ ಓಡುತ್ತಲೇ ಇತ್ತು. ಮರಳುವಾಗ ಜಟ್ಟ ಮನಸ್ಸು ಮಾಡಿದ್ದರೆ ಕಳೆದ ಹೊತ್ತನ್ನೆಲ್ಲ ಹಿಂದಕ್ಕೆ ತರಬಹುದಿತ್ತು. ಅಪ್ಪನ ಮುಖ ಕಣ್ಣ ಮುಂದೆ ಬಂತು, ಬಾವನ ಭುಜವೂ ಬಂತು. ಅವನು ಎಂದಿನಂತೆಯೇ ಎಳೆದ.

ದೋಣಿ ಮರಳಿಗೆ ತಾಗಿದಾಗ ಇಪ್ಪತ್ಮೂರು ನಿಮಿಷವಾಗಿತ್ತು. ದಡದಲ್ಲಿ ಎಲ್ಲರೂ ಕಾದಿದ್ದರು. ಬೊಮ್ಮು ಹಿಂದೆ ನಿಂತು ಭುಜವನ್ನು ಒತ್ತಿಕೊಳ್ಳುತ್ತಿದ್ದ.

ತುಳಸಿದಾಸರು ಸಿಟ್ಟು ಮಾಡಲಿಲ್ಲ. ಅದೇ ಜಟ್ಟನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. "ಅಂದು ಹದಿನಾರು, ಇಂದು ಇಪ್ಪತ್ಮೂರು. ಎರಡರಲ್ಲಿ ಒಂದು ಮೋಸ. ಇಂದಿನದು ಮೋಸವಾದರೆ ಮುಂದಿನ ಸಲ ಸರಿಯಾಗಿ ಎಳಿ, ನನ್ನ ಮಾತು ಹಾಗೇ ಉಂಟು. ಅಂದಿನದಾದರೆ ಬಿಲ್ಲೆ ಇಲ್ಲಿಡು. ಯಾವುದು, ಹೇಳು."

ಜಟ್ಟ ಹುಟ್ಟನ್ನು ದೋಣಿಯೊಳಗಿಟ್ಟ. "ಅಂದಿಂದೇ ಮೋಸ ಒಡೆಯಾ," ಎಂದ. "ಪಂದ್ಯ ಅಂದ್ಕಂಡೆ. ತೆರೆ ಕಾಯ್ಲಿಲ್ಲ. ಜನ್ರನ್ನ ಮೂಟೆ ಹಂಗೆ ಎಸ್ದೆ. ಹಂಗೆ ದಿನಾ ಎಳದ್ರೆ ಯಾರಾರೂ ನೀರಿಗೆ ಬೀಳ್ತ್ರು."

ಯಾರೋ ಕಿಸಕ್ಕನೆ ನಕ್ಕರು. ಪಂದ್ಯವಂತೆ, ಪಂದ್ಯ! ಆ ನಗೆ ಗುಂಪಿನಲ್ಲಿ ಹರಡಿತು. ಜಟ್ಟನಿಗೆ ಅವಮಾನದಿಂದ ಅಳುವೇ ಬಂದಂತಾಯಿತು. ಅವನು ಸೊಂಟದ ಪಟ್ಟಿಯಿಂದ ಬಿಲ್ಲೆ ಬಿಚ್ಚಿ ಮ್ಯಾನೇಜರ ಮುಂದೆ ಹಿಡಿದ. ಮ್ಯಾನೇಜರು ಅದನ್ನು ಕುಪ್ಪನ ಕೈಗೆ ಕೊಟ್ಟರು. ಆಮೇಲೆ ಕಚೇರಿಯ ಹಲಗೆ ಒರೆಸಿ ಇಪ್ಪತ್ಮೂರು ಎಂದು ಬರೆದರು.

ಮುಂದಿನ ಆಗಬೋಟು ಗುರುವಾರ ಬಂತು. ಬೊಮ್ಮು ಒಬ್ಬನೇ ದೋಣಿಯನ್ನು ನೀರಿಗೆ ನೂಕುತ್ತಿದ್ದಾಗ ಜಟ್ಟ ಬಂದು ಇನ್ನೊಂದು ಬದಿಗೆ ಕೈ ಹಚ್ಚಿದ.

"ಬಾವ, ಇನ್ನೊಂದು ಹುಟ್ಟು ನಾ ಹಿಡೀತೆ."

"ನನ್ ಸಂಗ್ಡ ಎಳೂದು ನಿನ್ ಕೈಲಿ ಆತದಾ ತಮಾ? ನಂದು ಸಾವ್ಕಾಶ."

"ಕಲೀತೆ."

ಬೊಮ್ಮು ಬಗ್ಗಿ, ಗಂಗಿ ಕಟ್ಟಿಕೊಟ್ಟ ಬುತ್ತಿಯನ್ನು ಹಲಗೆಯ ಕೆಳಗೆ ಸರಿಸಿದ. ಅದು ಇಬ್ಬರಿಗಾಗುವಷ್ಟು ದಪ್ಪಗಿತ್ತು.

ಪ್ಯಾಸೆಂಜರುಗಳು ಕುಳಿತರು. ದಡದ ಮೇಲೆ ಗುಂಡಿ ಟಕ್ ಎಂದಿತು. ಅಲೆ ಒಡೆಯುವಲ್ಲಿ ಇಬ್ಬರೂ ಹುಟ್ಟೆತ್ತಿ ಕಾದರು. ಮೂರನೆಯ ತೆರೆ ಹಾದುಹೋಯಿತು. ಜಟ್ಟನ ತೋಳುಗಳು ಬಿಗಿದವು. ಅವನು ಎಳೆಯಲಿಲ್ಲ. ತನ್ನ ಕಣ್ಣೆದುರಿಗಿದ್ದ ಬಾವನ ಬಲಭುಜವನ್ನೇ ನೋಡುತ್ತ, ಅದು ಅಲುಗುವುದನ್ನು ಕಾಯುತ್ತ ಕುಳಿತ.