ನೀಲಿ ದಾರದ ಚಪ್ಪಲಿ

ಸೆಕ್ಯುರಿಟಿಯವನು ಒಂದು ಜೊತೆ ರಬ್ಬರ್ ಚಪ್ಪಲಿಯನ್ನು ಎರಡು ಬೆರಳ ತುದಿಯಲ್ಲಿ ಎತ್ತಿ ಹಿಡಿದುಕೊಂಡು ಒಳಗೆ ಬಂದಾಗ ಅವಳು ಗೋಡೆಯ ಕಡೆ ಮುಖ ಮಾಡಿ ಟವೆಲ್ ಮಡಿಸುತ್ತಿದ್ದಳು.

"ಯಾರ್ದು ಇದು? ಬಾಗಿಲ ಹೊರಗೆ ನೀಟಾಗಿ ಜೋಡಿಸಿಟ್ಟು ಒಳಗೆ ಬಂದಿದಾರೆ," ಎಂದು ಅವನು ಅಂಗಡಿಗೆ ಅಂಗಡಿಯೇ ಕೇಳುವಂತೆ ಹೇಳಿದ.

ದಿಂಬಿನ ಸಾಲಿನಲ್ಲಿ ನಿಂತಿದ್ದ ಹುಡುಗಿ ಕಿಸಕ್ಕನೆ ನಕ್ಕಳು. "ಬರಿಗಾಲಕ್ಕಾ, ಮತ್ತೆ ಶುರು ಮಾಡಿದ್ರಾ?"

ಅವಳು ತಿರುಗಿ ನೋಡಿದಳು. ಬಲಗಾಲಿನ ಚಪ್ಪಲಿಯ ಪಟ್ಟಿಗೆ ನೀಲಿ ದಾರದ ಹೊಲಿಗೆ ಬಿದ್ದಿತ್ತು. ಆ ಹೊಲಿಗೆ ಹಾಕಿದ್ದು ಅವಳೇ, ಹೋದ ರಜೆಯ ದಿನ, ಬೆರಳಿಗೆ ಸೂಜಿ ಚುಚ್ಚಿಸಿಕೊಂಡು. "ಮನೇಲಿ ಕಪ್ಪು ದಾರ ಇರ್ಲಿಲ್ವೇನೇ?" ಎಂದು ಅತ್ತೆ ಕೊಂಕು ತೆಗೆದಿದ್ದರು. ಆಮೇಲೆ ಮೆಟ್ಟಿಕೊಂಡು ಕೋಣೆಯ ಈ ಗೋಡೆಯಿಂದ ಆ ಗೋಡೆಯವರೆಗೆ ನಡೆದು ನೋಡಿ, "ಪರವಾಗಿಲ್ಲ, ನನಗಿಂತ ಗಟ್ಟಿಯಾಯ್ತು," ಎಂದಿದ್ದರು.

"ನನ್ನದಲ್ಲಪ್ಪ," ಎಂದಳು. ಅದು ಸುಳ್ಳೇನೂ ಆಗಿರಲಿಲ್ಲ. ಅವನು ಚಪ್ಪಲಿಯನ್ನು ಹಿಂಬಾಗಿಲ ಕಡೆಗೆ ಒಯ್ದ.

ಬರಿಗಾಲಕ್ಕ ಎಂಬ ಹೆಸರು ಅವಳಿಗೆ ಬಿದ್ದದ್ದು ಕೆಲಸ ಕೇಳಲು ಬಂದ ದಿನವೇ. ಗಾಜಿನ ಬಾಗಿಲು, ಅದರಾಚೆ ಮುಖ ಕಾಣುವಷ್ಟು ಹೊಳೆಯುವ ಬಿಳಿಯ ನೆಲ. ಅಂಥ ನೆಲದ ಮೇಲೆ ಬೀದಿಯ ಚಪ್ಪಲಿ ಇಡುವುದಾದರೂ ಹೇಗೆ? ಅವಳು ಯೋಚನೆ ಕೂಡ ಮಾಡದೆ ಬಾಗಿಲ ಹೊರಗೆ ಚಪ್ಪಲಿ ಕಳಚಿ, ಬರಿಗಾಲಲ್ಲಿ ಮ್ಯಾನೇಜರನ ಮುಂದೆ ಹೋಗಿ ನಿಂತಿದ್ದಳು. ಅವನು ನಗಲಿಲ್ಲ. ಹುಡುಗಿಯರು ಮಾತ್ರ ನಗುವುದನ್ನು ನಿಲ್ಲಿಸಲಿಲ್ಲ. ಕುಹಕದ ನಗುವಲ್ಲ, ಕೆಟ್ಟ ಹುಡುಗಿಯರೂ ಅಲ್ಲ. ದಿನವಿಡೀ ನಿಂತೇ ಇರುವವರಿಗೆ ನಗಲು ಏನಾದರೊಂದು ಬೇಕಿತ್ತು, ಸಿಕ್ಕಿತು. ನಲವತ್ತು ದಾಟಿದ ಹೆಂಗಸು ಚಿಕ್ಕ ಹುಡುಗಿಯರ ನಡುವೆ ಕೆಲಸ ಕಲಿಯುವುದೇ ಒಂದು ಅವಸ್ಥೆ, ಅದರ ಮೇಲೆ ಈ ಹೆಸರು ಬೇರೆ. ಅವಳು ಹಲ್ಲುಕಚ್ಚಿ ಕಲಿತಳು. ನಾಲ್ಕು ಮೂಲೆಗೂ ರಬ್ಬರ್ ಹೊಲಿದ ಹಾಸಿಗೆ ಹೊದಿಕೆಯನ್ನು ಪುಸ್ತಕದ ಹಾಗೆ ಚೌಕವಾಗಿ ಮಡಿಸುವುದು, ಗಿರಾಕಿ ಎಳೆದು ಬಿಸಾಕಿದ ರಾಶಿಯನ್ನು ಮುಖ ಸಿಂಡರಿಸದೆ ಮೊದಲಿನಂತೆ ಜೋಡಿಸುವುದು, ಕಾಲು ಮುರಿದು ಬೀಳುವಂತಿದ್ದರೂ ಕಪಾಟಿಗೆ ಒರಗದೆ ನಿಲ್ಲುವುದು. ಶೂ ಕೊಂಡಳು. ತಿಂಗಳುಗಳು ಕಳೆದ ಮೇಲೆ ಹೆಸರು ತಾನಾಗಿ ಸವೆದು, ವಾರಕ್ಕೊಮ್ಮೆ ಕೇಳಿಸಿದರೆ ಹೆಚ್ಚು ಎನ್ನುವಂತಾಗಿತ್ತು.

ಇದನ್ನೆಲ್ಲ ಅವಳು ಮನೆಯಲ್ಲಿ ಹೇಳಿರಲಿಲ್ಲ. "ಕೆಲಸ ಹೇಗಿದೆ?" ಎಂದು ಅತ್ತೆ ಕೇಳಿದಾಗಲೆಲ್ಲ, "ಎಲ್ಲರೂ ಮೇಡಂ ಮೇಡಂ ಅಂತಾರೆ," ಎಂದು ಬಿಟ್ಟಿದ್ದಳು. ಹೇಳಿದ್ದರೆ ಅತ್ತೆ ಇವತ್ತು ಚಪ್ಪಲಿ ಹಾಕಿಕೊಂಡೇ ಒಳಗೆ ಬರುತ್ತಿದ್ದರು.

ಅತ್ತೆ ಇವಳ ಜೊತೆ ಈ ಊರಿಗೆ ಬಂದದ್ದೇ ಒಂದು ದೊಡ್ಡ ಮಾತು. ಇವಳ ಗಂಡ ತೀರಿಕೊಂಡ ಮೇಲೆ ಅತ್ತೆ ದೊಡ್ಡ ಮಗನ ಮನೆಗೆ ಹೋಗುತ್ತಾರೆಂದೇ ಎಲ್ಲರೂ ತಿಳಿದಿದ್ದರು. ಅಲ್ಲಿ ಮೂರು ಕೋಣೆಗಳ ಮನೆ, ಕೆಲಸಕ್ಕೆ ಆಳು, ಮೊಮ್ಮಕ್ಕಳು. ಬಸ್ಸು ಹೊರಡುವ ಹೊತ್ತಿಗೆ ಅತ್ತೆ ಗಂಟು ಹಿಡಿದುಕೊಂಡು ಬಂದು ಇವಳ ಪಕ್ಕದಲ್ಲಿ ಕೂತುಬಿಟ್ಟರು. "ಗುರುತಿಲ್ಲದ ಊರಲ್ಲಿ ಒಬ್ಬಳೇ ಏನ್ ಮಾಡ್ತೀಯಾ? ಬೆಳಗ್ಗೆ ಎದ್ದು ಜಗಳ ಆಡೋಕಾದ್ರೂ ಒಬ್ರು ಬೇಡ್ವಾ?" ಎಂದರು. ಅಂದಿನಿಂದ ಜಗಳಕ್ಕೆ ಕೊರತೆಯಾಗಿರಲಿಲ್ಲ. ಸಂಜೆ ಬಾಗಿಲು ತೆರೆದಾಗ ದೀಪ ಹಚ್ಚಿರುತ್ತಿತ್ತು, ಒಲೆಯ ಮೇಲೆ ನೀರು ಕಾದಿರುತ್ತಿತ್ತು. ಪ್ರತಿ ಶುಕ್ರವಾರ ಭಾವ ಫೋನು ಮಾಡಿ, "ಅಮ್ಮಾ, ಸಾಕು ಬಾ, ಕಾರು ಕಳಿಸ್ತೀನಿ," ಎನ್ನುವುದು, ಅತ್ತೆ, "ಬರಲ್ಲ ಕಣೋ," ಎನ್ನುವುದು ನಡೆದೇ ಇತ್ತು. ಅತ್ತೆ ಒಂದು ಸಲ ಹ್ಞೂಂ ಎಂದರೆ ಆ ಕೋಣೆಯಲ್ಲಿ ತನ್ನ ಗತಿ ಏನೆಂದು ಹೆದರಿ ಅವಳು ಪ್ರತಿ ಶುಕ್ರವಾರವೂ ಆ ಮಾತಿಗೆ ಕಿವಿಗೊಟ್ಟು ನಿಲ್ಲುತ್ತಿದ್ದಳು.

ಇವತ್ತು ಶುಕ್ರವಾರ. ಬೆಳಗ್ಗೆ ಹೊರಡುವ ಗಡಿಬಿಡಿಯಲ್ಲಿ ಅವಳು ಊಟದ ಡಬ್ಬಿಯನ್ನು ಒಲೆಯ ಪಕ್ಕದಲ್ಲೇ ಮರೆತು ಬಂದಿದ್ದಳು.

ಟವೆಲ್ ಕಪಾಟುಗಳ ಸಂದಿಯಿಂದ ನೋಡಿದರೆ ಅತ್ತೆ ಪರದೆ ಬಟ್ಟೆಗಳ ಹತ್ತಿರ ನಿಂತಿದ್ದರು. ಎದೆಗವಚಿಕೊಂಡ ಬಟ್ಟೆಯ ಚೀಲ, ಬಿಸಿಲಿಗೆ ಕೆಂಪಾದ ಮುಖ, ಹೊಳೆಯುವ ನೆಲದ ಮೇಲೆ ಧೂಳು ಮೆತ್ತಿದ, ಬಿರುಕುಬಿಟ್ಟ ಪಾದ. ಜಾರೀತೆಂಬ ಅಂಜಿಕೆಯಲ್ಲಿ ಹೆಜ್ಜೆಯನ್ನು ಒತ್ತಿ ಒತ್ತಿ ಇಡುತ್ತಿದ್ದರು. ಅವರು ಬಂದ ದಾರಿಯುದ್ದಕ್ಕೂ ಬೆವರಿನ ಹೆಜ್ಜೆಗುರುತು ಮೂಡಿ, ನೋಡನೋಡುತ್ತ ಆರುತ್ತಿತ್ತು.

ಸೊಸೆಯನ್ನು ಕಂಡಕೂಡಲೇ ಅವರ ಮುಖ ಅರಳಿತು. ಬಾಯಿ ತೆರೆದರು.

"ಬರಿಗಾಲಕ್ಕಾ, ನೋಡಿ, ನಿಮ್ಮ ಪಾರ್ಟಿಯವರು ಸಿಕ್ರು!" ಎಂದು ದಿಂಬಿನ ಹುಡುಗಿ ಇವಳ ಭುಜಕ್ಕೆ ಭುಜ ತಾಗಿಸಿ ನಿಂತಳು. "ನಿಮಗೇನಾದ್ರೂ ಗೊತ್ತಿರೋರಾ?"

ಮನೆಯವರು ಅಂಗಡಿಗೆ ಬರಬಾರದು ಎಂಬ ನಿಯಮವೇನೂ ಇರಲಿಲ್ಲ. ಈ ಹುಡುಗಿಯ ತಾಯಿಯೇ ಒಮ್ಮೆ ಬಂದಿದ್ದಾಗ ಮ್ಯಾನೇಜರ್ ಕುರ್ಚಿ ತರಿಸಿ ಕೂರಿಸಿದ್ದ. ಆ ತಾಯಿ ಟಕಟಕ ಸದ್ದು ಮಾಡುವ ಹಿಮ್ಮಡಿಯ ಶೂ ಹಾಕಿಕೊಂಡು ಬಂದಿದ್ದಳು, ಅಷ್ಟೇ.

"ಇಲ್ಲಪ್ಪ. ಯಾರೋ," ಎಂದಳು.

ಮೆಲ್ಲಗೆ ಹೇಳಬಹುದಿತ್ತು. ಹೇಳಲಿಲ್ಲ. ಅತ್ತೆಗೆ ಕಿವಿ ಸ್ವಲ್ಪ ಮಂದ, ಆದರೂ ಆ ಮಾತು ಕೇಳಿಸಿತೆಂದು ಅವರ ಬಾಯಿ ಮುಚ್ಚಿಕೊಂಡ ರೀತಿಯಲ್ಲೇ ಗೊತ್ತಾಯಿತು. ಎದೆಗವಚಿದ್ದ ಚೀಲ ನಿಧಾನವಾಗಿ ಕೆಳಗಿಳಿದು ಅವರ ಬೆನ್ನ ಹಿಂದೆ ಹೋಯಿತು. ಈಗಲಾದರೂ ಅತ್ತೆ ಎಂದು ಕರೆದರೆ ಆದೀತು, ತಮಾಷೆಗೆ ಹೇಳಿದೆ ಎಂದರೂ ಆದೀತು ಎಂದುಕೊಂಡಳು. ಅಷ್ಟರಲ್ಲಿ ಮ್ಯಾನೇಜರ್ ಆ ಕಡೆ ತಿರುಗಿ, ಗಿರಾಕಿಯನ್ನು ನೋಡಿಕೊಳ್ಳಿ ಎಂದು ಕಣ್ಣಲ್ಲೇ ಸೂಚಿಸಿದ.

ಅವಳು ಎದುರಿಗೆ ಹೋಗಿ ನಿಂತಳು. "ಏನ್ ಬೇಕಿತ್ತಮ್ಮಾ?"

"ಟವೆಲ್ ನೋಡ್ಬೇಕಿತ್ತು, ಮೇಡಂ," ಎಂದರು ಅತ್ತೆ.

ಅವಳು ಟವೆಲ್ ಬಿಚ್ಚಿ ತೋರಿಸಿದಳು. ಅತ್ತೆ ಒಂದು ಕೈಯನ್ನು ಬೆನ್ನ ಹಿಂದೆಯೇ ಇಟ್ಟುಕೊಂಡು ಇನ್ನೊಂದು ಕೈಯಿಂದ ಮುಟ್ಟಿ ನೋಡಿದರು. ಬಣ್ಣ ಬಿಡುತ್ತಾ ಎಂದು ಕೇಳಿದರು. ಬಿಡಲ್ಲ ಎಂದಳು. ಇದಕ್ಕಿಂತ ದೊಡ್ಡದು ಇದೆಯಾ ಎಂದರು. ಅದನ್ನೂ ತೆಗೆದಳು. ಅತ್ತೆಯ ಮುಖ ನೋಡದೆ, ಟವೆಲಿನ ಅಂಚನ್ನೇ ನೋಡುತ್ತ, ಕಲಿಸಿಕೊಟ್ಟಿದ್ದ ಮಾತುಗಳನ್ನೆಲ್ಲ ಒಂದೂ ಬಿಡದೆ ಹೇಳಿದಳು. ಹುಡುಗಿ ಅಲ್ಲೇ ಹತ್ತಿರದಲ್ಲಿ ದಿಂಬು ತಟ್ಟುತ್ತ ನಿಂತಿದ್ದಳು.

"ಚೆನ್ನಾಗಿದೆ," ಎಂದರು ಅತ್ತೆ. "ನನ್ನ ಸೊಸೇನ ಒಂದ್ ಮಾತು ಕೇಳ್ಕೊಂಡ್ ಬರ್ತೀನಿ. ಅವಳಿಗೆ ಇವೆಲ್ಲ ಚೆನ್ನಾಗಿ ಗೊತ್ತಾಗತ್ತೆ. ಅವಳೂ ಇಂಥದೇ ಅಂಗಡೀಲಿ ಇರೋದು."

ಹಾಗೆಂದು ಬಂದ ದಾರಿಯಲ್ಲೇ, ಅದೇ ಒತ್ತು ಹೆಜ್ಜೆಯಲ್ಲಿ ಹೊರಟರು. ಗಾಜಿನ ಬಾಗಿಲು ತಾನಾಗಿ ತೆರೆಯಿತು. ಹೊರಗೆ ಹೋದವರು ಚಪ್ಪಲಿ ಬಿಟ್ಟ ಜಾಗ ನೋಡಿದರು. ಅಲ್ಲಿರಲಿಲ್ಲ. ಹೂಕುಂಡದ ಹಿಂದೆ ನೋಡಿದರು, ಮೆಟ್ಟಿಲ ಕೆಳಗೆ ಬಗ್ಗಿ ನೋಡಿದರು. ಅವರು ಬಾಗಿಲ ಹತ್ತಿರ ಬಂದಾಗಲೆಲ್ಲ ಅದು, ಬನ್ನಿ ಎಂಬಂತೆ ತೆರೆದುಕೊಳ್ಳುತ್ತಿತ್ತು. ಅವರು ಹಿಂದೆ ಸರಿದರೆ ಮುಚ್ಚುತ್ತಿತ್ತು. ಒಳಗೆ ಬಂದು ಕೇಳಿದರೆ ಮುಗಿಯುತ್ತಿತ್ತು. ಅತ್ತೆ ಕೇಳಲಿಲ್ಲ, ಇಂಥ ಕಡೆ ಯಾರನ್ನು ಕೇಳುವುದು? ಇವಳು ಹೊರಗೆ ಹೋಗಿ ಹೇಳಿದರೂ ಮುಗಿಯುತ್ತಿತ್ತು. ಇವಳು ಬಿಚ್ಚಿದ ಟವೆಲನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದಳು. ಕೊನೆಗೆ ಅತ್ತೆ ಚೀಲವನ್ನು ಹೆಗಲಿಗೇರಿಸಿ, ನಡುಮಧ್ಯಾಹ್ನದ ಟಾರು ರಸ್ತೆಗೆ ಇಳಿದು, ಅಂಗಡಿಗಳ ನೆರಳು ಹಿಡಿದು ಬೇಗಬೇಗ ನಡೆದುಹೋದರು. ನೆರಳು ಎಲ್ಲ ಕಡೆ ಇರಲಿಲ್ಲ.

ಊಟದ ಹೊತ್ತಿಗೆ ಅವಳು ಹಸಿವಿಲ್ಲ ಎಂದಳು. ಹಿಂಬಾಗಿಲ ಹತ್ತಿರ ಕಸಕ್ಕೆಂದು ಇಟ್ಟಿದ್ದ ಡಬ್ಬದಲ್ಲಿ, ಹರಿದ ಪ್ಯಾಕಿಂಗ್ ಕಾಗದಗಳ ಮೇಲೆ ಚಪ್ಪಲಿ ಬಿದ್ದಿತ್ತು. ಆ ಕಡೆ ಈ ಕಡೆ ನೋಡಿ, ಎತ್ತಿ ಒರೆಸಿ, ತನ್ನ ಬ್ಯಾಗಿನ ತಳದಲ್ಲಿಟ್ಟು ಮೇಲೆ ಕೊಡೆ ಇಟ್ಟಳು.

ಸಂಜೆ ಮನೆಗೆ ಹೊರಡುವಾಗ ಎಲ್ಲರ ಬ್ಯಾಗನ್ನೂ ತೆರೆಸಿ ನೋಡುತ್ತಾರೆಂಬುದು ಆ ಗಳಿಗೆಯಲ್ಲಿ ಅವಳ ತಲೆಗೇ ಹೊಳೆದಿರಲಿಲ್ಲ. ದಿನವೂ ನಡೆಯುವ ಕೆಲಸ, ದಿನವೂ ತೋರಿಸುವವಳು. ಸೆಕ್ಯುರಿಟಿಯವನು ಕೊಡೆ ಎತ್ತಿದ. ಚಪ್ಪಲಿ ಎತ್ತಿದ. ಹಿಂದೆ ಹುಡುಗಿಯರು ಸಾಲಾಗಿ ನಿಂತಿದ್ದರು.

"ಇದ್ಯಾಕ್ರೀ ನಿಮಗೆ?"

ನಮ್ಮತ್ತೇದು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. "ಹೇಗೂ ಕಸಕ್ಕೆ ಹಾಕಿದ್ರಲ್ಲ," ಎಂದಳು ಅವಳು. "ನಮ್ಮ ಬೀದೀಲಿ ಒಬ್ಬ ಮುದುಕಿ ಇದಾಳೆ. ದಿಕ್ಕಿಲ್ಲದೋಳು. ಅವಳಿಗಾದ್ರೂ ಆಗತ್ತೆ ಅಂತ."

ಅವನು ತಲೆದೂಗಿ ವಾಪಸು ಇಟ್ಟ. ದಿಂಬಿನ ಹುಡುಗಿ ಹಿಂದಿನಿಂದ ಬಂದು ತೋಳು ಹಿಡಿದುಕೊಂಡಳು. ಈ ಸಲ ಅವಳ ದನಿಯಲ್ಲಿ ಗೇಲಿ ಇರಲಿಲ್ಲ. "ಎಷ್ಟ್ ಒಳ್ಳೆ ಮನಸ್ಸಕ್ಕ ನಿಮ್ದು. ನನಗಂತೂ ಹೊಳೀತಾನೇ ಇರ್ಲಿಲ್ಲ."

ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿದರೂ ಅವಳು ಕೂರಲಿಲ್ಲ. ಬ್ಯಾಗು ಭಾರವೇನಿಲ್ಲ, ಆದರೂ ಹೆಗಲು ಜಗ್ಗುತ್ತಿತ್ತು. ಥೂ, ಇದೂ ಒಂದು ಬಾಳೇ ಎಂದು ತನ್ನನ್ನೇ ಬೈದುಕೊಂಡಳು. ಇಂದು ರಾತ್ರಿಯೇ ಅತ್ತೆ ಗಂಟು ಕಟ್ಟಿದರೆ ಯಾವ ಮುಖ ಇಟ್ಟುಕೊಂಡು ತಡೆಯುವುದು? ಬೀದಿಯ ತಿರುವಿನಿಂದಲೇ ತಮ್ಮ ಕಿಟಕಿ ಹುಡುಕಿದಳು. ದೀಪ ಹಚ್ಚಿತ್ತು.

ಅತ್ತೆ ಮಂಚದ ಮೇಲೆ ಕೂತಿದ್ದರು. ಎರಡೂ ಪಾದ ಹೊದಿಕೆಯೊಳಗಿದ್ದವು, ಸೆಕೆಯ ಕಾಲದಲ್ಲಿ. ಊಟದ ಡಬ್ಬಿ ತೊಳೆದು ಬೋರಲು ಹಾಕಿತ್ತು.

"ಬಂದ್ಯಾ? ನೀರು ಕಾದಿದೆ, ನೀನೇ ತೊಗೋ," ಎಂದರು. ಆಮೇಲೆ ಕೇಳದಿದ್ದರೂ ಹೇಳಿದರು: "ಮಧ್ಯಾಹ್ನ ಅಂಗಡಿಗೆ ಅಂತ ಹೊರಗೆ ಹೋಗಿದ್ದೆ ಕಣೇ. ದಾರೀಲಿ ಆ ಚಪ್ಪಲಿ ಕಿತ್ತೋಯ್ತು. ಅಲ್ಲೇ ಎಸೆದು ಬಂದೆ. ಹಳೇದಾಗಿತ್ತು, ಪೀಡೆ ಹೋಯ್ತು ಅತ್ಲಾಗೆ."

ಅತ್ತೆ ಕಟ್ಟಿಕೊಟ್ಟ ಆ ಸುಳ್ಳಿನೊಳಗೆ ಸುಮ್ಮನೆ ಹೊಕ್ಕು ಕೂತುಬಿಡಬಹುದಿತ್ತು. ಬ್ಯಾಗಿನಲ್ಲಿರುವುದನ್ನು ನಾಳೆ ಎಲ್ಲಾದರೂ ಎಸೆದರೆ, ಇಬ್ಬರೂ ಸಾಯುವ ತನಕ ಈ ಮಾತು ಏಳುವುದೇ ಇಲ್ಲ. ಅವಳು ಬ್ಯಾಗನ್ನು ಹೆಗಲಿನಿಂದ ಇಳಿಸದೆ ನಿಂತಿದ್ದಳು.

ಫೋನು ಬಡಿದುಕೊಂಡಿತು. ಕಿವಿ ಮಂದವಾದ್ದರಿಂದ ಅತ್ತೆ ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವುದು.

"ಅಮ್ಮಾ, ಈ ಸಲ ನಿನ್ನ ಹಟ ನಡೆಯಲ್ಲ," ಎಂದಿತು ಭಾವನ ದನಿ. "ಭಾನುವಾರ ನಾನೇ ಕಾರು ತೊಗೊಂಡ್ ಬರ್ತೀನಿ. ಒಂದು ಕೋಣೇಲಿ ಕೂತು ಏನ್ ಸುಖ ಕಾಣ್ತಿದೀಯ ಅಲ್ಲಿ?"

ಪ್ರತಿ ಸಲ ತಡೆಯಿಲ್ಲದೆ ಬರುತ್ತಿದ್ದ ಮಾತು ಈ ಸಲ ಬರಲು ಹೊತ್ತು ಹಿಡಿಯಿತು. ಹೊದಿಕೆಯೊಳಗೆ ಪಾದಗಳು ಅಲ್ಲಾಡಿದವು.

"ಬರಲ್ಲ ಕಣೋ," ಎಂದರು. "ಇಲ್ಲಿ ನನಗೇನ್ ಕಮ್ಮಿಯಾಗಿದೆ? ಇವಳ ಅಂಗಡಿ ನೀನು ನೋಡ್ಬೇಕು, ಅರಮನೆ ಥರಾ ಇದೆ. ಎಲ್ಲರೂ ಇವಳನ್ನ ಮೇಡಂ ಅಂತಲೇ ಕರೆಯೋದು. ಸುಮ್ನೆ ಹೇಳ್ತಿಲ್ಲ, ನಾನೇ ಕಿವಿಯಾರೆ ಕೇಳಿದೀನಿ."

ಅವಳು ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕೂತಳು. ಬ್ಯಾಗು ತೆರೆದು, ಕೊಡೆ ಬದಿಗಿಟ್ಟು, ಚಪ್ಪಲಿಯನ್ನು ಹೊರಗೆ ತೆಗೆದಳು. ಗೋಡೆಯ ಪಕ್ಕದಲ್ಲಿ, ದಿನವೂ ಇರುತ್ತಿದ್ದ ಜಾಗದಲ್ಲಿ, ಒಂದರ ಪಕ್ಕ ಒಂದನ್ನು ಜೋಡಿಸಿಟ್ಟಳು. ಕೈ ಅದರ ಮೇಲೆಯೇ ಉಳಿಯಿತು. ತಲೆ ಎತ್ತಲಾಗಲಿಲ್ಲ.

ಹಿಂದೆ ಅತ್ತೆಯ ಮಾತು ನಡುವೆಯೇ ನಿಂತಿತು.

"ಅಮ್ಮಾ? ಕೇಳಿಸ್ತಿದೆಯಾ?" ಎಂದಿತು ಫೋನು. "ಅಮ್ಮಾ, ಇದೀಯಾ?"

ಮಂಚ ಕಿರ್ ಎಂದಿತು. ಒಂದು ಪಾದ ನೆಲ ಮುಟ್ಟಿದ ಸದ್ದು, ಆಮೇಲೆ ಇನ್ನೊಂದು. ನೋವಿಗೆ ತುದಿಗಾಲಲ್ಲಿ ಇಡುತ್ತ ಬಂದ ಹೆಜ್ಜೆಗಳು ಅವಳ ಬೆನ್ನ ಹತ್ತಿರ ನಿಂತವು. ಅವಳ ತಲೆಯ ಪಕ್ಕದಿಂದ ಒಂದು ಬಲಗಾಲು ಮುಂದೆ ಬಂದಿತು, ಅಡಿಯಲ್ಲಿ ಬೊಬ್ಬೆ ಎದ್ದಿತ್ತು. ನೀಲಿ ಹೊಲಿಗೆಯ ಚಪ್ಪಲಿಗಾಗಿ ಬೆರಳುಗಳು ತಡಕಾಡಿದವು. ಅವಳು ಅದನ್ನು ಆ ಕಾಲಿನ ಹತ್ತಿರಕ್ಕೆ ಸರಿಸಿದಳು.

"ಇದೀನಿ ಕಣೋ," ಎಂದರು ಅತ್ತೆ ಫೋನಿಗೆ.