ಹಿಂದಕ್ಕೆಳೆದ ಕೈ

ನಮ್ಮ ಅಂಥೆದೋನ್ ಊರಿನವರು ಕಡಲನ್ನೇ ನಂಬಿದವರು. ದೋರ್ಕೋನ್ ಮತ್ತು ಅವನ ತಮ್ಮ ಇಫಿಸ್ ನೀರಲ್ಲಿ ಮುಳುಗಿ ಕಡಲ ತಳದ ಸ್ಪಂಜು ಕೀಳುತ್ತಿದ್ದರು. ಒಬ್ಬ ಮುಳುಗಿದರೆ ಇನ್ನೊಬ್ಬ ದೋಣಿಯಲ್ಲಿ ಅವನ ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿದು ಕೂರುತ್ತಿದ್ದ. ಆ ಹಗ್ಗವೇ ಉಸಿರು.

ಇಪ್ಪತ್ತೆರಡರ ಹರೆಯದಲ್ಲಿ ದೋರ್ಕೋನನಿಗೆ ಮದುವೆಯ ಮಾತು ಬಂತು. ದೆಲ್ಫಿಯ ಗುಡಿಗೆ ಹೋಗಿ ಅಪೋಲೋ ದೇವರಲ್ಲಿ ಪ್ರಶ್ನೆ ಕೇಳಿದ. ಹೆಣ್ಣಿನ ವಿಚಾರ ಕೇಳಿದರೆ ಬಂದ ಉತ್ತರವೇ ಬೇರೆ: "ನಿನ್ನ ತಮ್ಮನ ಸಾವು ನಿನ್ನ ಕೈಯಲ್ಲಿದೆ."

ಊರಿಗೆ ಬಂದವನು ಯಾರಿಗೂ ಏನೂ ಹೇಳಲಿಲ್ಲ. ಎರಡು ಮೇಕೆ, ಒಂದು ಮೂಟೆ ಬಾರ್ಲಿ ದೋಣಿಗೆ ಹಾಕಿಕೊಂಡು ಎದುರಿನ ಬೋಳುದ್ವೀಪಕ್ಕೆ ಹೋದ. ಮೀನಿನವರು ಆಗೀಗ ದಡದಲ್ಲಿ ಹಿಟ್ಟು ಇಟ್ಟು, ಅವನು ಮೇಕೆಹಾಲಿನಿಂದ ಮಾಡಿದ ಗಿಣ್ಣು ಎತ್ತಿಕೊಂಡು ಹೋಗುತ್ತಿದ್ದರು. ಮಾತಿಲ್ಲ, ಕತೆಯಿಲ್ಲ. ಮೊದಮೊದಲು ಮೇಕೆಗಳೊಡನೆ ಮಾತಾಡುತ್ತಿದ್ದ. ಆಮೇಲೆ ಅದನ್ನೂ ಬಿಟ್ಟ. ಸಂಜೆ ಊರಿನ ಒಲೆಗಳ ಹೊಗೆ ಏಳುವುದನ್ನು ನೋಡುತ್ತ, ತಮ್ಮನ ಮನೆಯದು ಯಾವುದೆಂದು ಹುಡುಕುತ್ತ ಕೂರುವನು. ಹೀಗೆ ಹನ್ನೊಂದು ವರ್ಷ ಕಳೆಯಿತು.

ಒಂದು ಬೆಳಗ್ಗೆ ಇಫಿಸನೇ ದೋಣಿ ಕಟ್ಟಿ ಬಂಡೆ ಹತ್ತಿ ಬಂದ.

"ಅಮ್ಮ ಹೋದಳು, ಅಣ್ಣ. ನಿನ್ನ ಹೆಸರು ಹೇಳ್ತಾನೇ ಹೋದಳು. ನಾನೇನು ತಪ್ಪು ಮಾಡಿದೆ ಅಂತ ಇವತ್ತು ಹೇಳಲೇಬೇಕು ನೀನು."

ದೋರ್ಕೋನ್ ಅತ್ತ. ತಡವರಿಸುತ್ತ ದೇವರ ಮಾತನ್ನು ಹೇಳಿದ. ಇಫಿಸ್ ನಕ್ಕುಬಿಟ್ಟ.

"ಇಷ್ಟಕ್ಕಾ ಮೇಕೆ ಜೊತೆ ಸಂಸಾರ ಹೂಡಿದ್ದು? ನಡಿ ಮನೆಗೆ. ನನ್ನ ಹೆಂಡತಿ ಮೆಲಿತ್ತ ಬೇಳೆ ಸಾರು ಮಾಡಿಟ್ಟಿರ್ತಾಳೆ."

"ಹತ್ತಿರ ಬರಬೇಡ ಕಣೋ."

"ಬಂದೇ ಬರ್ತೀನಿ. ಏನ್ ಮಾಡ್ತೀಯೋ ನೋಡೇಬಿಡ್ತೀನಿ!"

ತಬ್ಬಲು ಬಂದವನ ಕಾಲಡಿಯ ಕಲ್ಲು ಜಾರಿತು. ಬಂಡೆಯ ಅಂಚಿಗೆ ಒಂದು ಕೈಯಲ್ಲಿ ಜೋತುಬಿದ್ದ ಇಫಿಸ್ ಇನ್ನೊಂದನ್ನು ಮೇಲಕ್ಕೆ ಚಾಚಿದ. "ಅಣ್ಣಾ, ಕೈ ಕೊಡು!"

ದೋರ್ಕೋನ್ ಕೈ ಚಾಚಿದ. ಬೆರಳಿಗೆ ಬೆರಳು ತಾಕಿತು. ಆಗ ದೆಲ್ಫಿಯ ಮಾತು ನೆನಪಾಗಿ, ಬೆಂಕಿ ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡ. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ. ಮತ್ತೆ ಚಾಚಿದಾಗ ಅಂಚಿನಲ್ಲಿ ಯಾರೂ ಇರಲಿಲ್ಲ.

ಹೆಣವನ್ನು ತಮ್ಮನ ದೋಣಿಯಲ್ಲೇ ಮಲಗಿಸಿಕೊಂಡು ಅವನು ಊರಿಗೆ ಬಂದಾಗ ನಾವೆಲ್ಲ ದಡದಲ್ಲಿದ್ದೆವು. ನಡೆದದ್ದನ್ನು ಒಂದಕ್ಷರ ಮುಚ್ಚದೆ ಹೇಳಿದ. ಹಿರಿಯರು ತಲೆಯಾಡಿಸಿದರು. "ವಿಧಿ ಕಣಪ್ಪ. ದೇವರು ಬರೆದಿದ್ದನ್ನ ತಪ್ಪಿಸೋಕೆ ನೀನ್ಯಾರು? ನಿನ್ನದೇನೂ ತಪ್ಪಿಲ್ಲ."

ಎಲ್ಲರ ಬಾಯಲ್ಲೂ ಅದೇ ಮಾತು. ಕೇಳಿದಷ್ಟೂ ಅವನ ಮುಖ ಕಪ್ಪಿಟ್ಟಿತು. ನಮ್ಮ ಸಮಾಧಾನದ ಮಾತಿನಲ್ಲಿ ಅವನಿಗೆ ತನ್ನ ತಪ್ಪು ಒಪ್ಪಿಕೊಂಡು ನಿಲ್ಲಲು ಜಾಗವೇ ಇರಲಿಲ್ಲ ಎಂಬುದು ಆ ಹೊತ್ತಿಗೆ ನನಗೂ ಹೊಳೆಯಲಿಲ್ಲ.

ಇಫಿಸನ ಹೆಂಡತಿ ಮೆಲಿತ್ತ ಮಾತ್ರ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು, "ಏನಂದ ದೇವರು? ಇನ್ನೊಂದ್ಸಲ ಹೇಳು ಭಾವ."

"ತಮ್ಮನ ಸಾವು ನಿನ್ನ ಕೈಯಲ್ಲಿದೆ ಅಂದ."

"ನಿನ್ನ ಕೈಯಲ್ಲಿದೆ ಅಂದ್ರೆ ನಿನಗೇ ಬಿಟ್ಟಿದ್ದು ಅಂತ. ಹಿಡಿದಿದ್ರೆ ಬದುಕ್ತಿದ್ದ. ಬಿಟ್ಟವನು ನೀನು, ಅಪೋಲೋ ಅಲ್ಲ."

"ಹೌದಮ್ಮ," ಎಂದ ದೋರ್ಕೋನ್. "ನಾನೇ." ಬೆಳಗಿನಿಂದ ಮೊದಲ ಸಲ ಅವನು ನೆಟ್ಟಗೆ ಉಸಿರಾಡಿದ್ದನ್ನು ಪಕ್ಕದಲ್ಲೇ ಇದ್ದ ನಾನು ಕಂಡೆ.

ಅವನು ದ್ವೀಪಕ್ಕೆ ಮರಳಲಿಲ್ಲ. ದಡದಲ್ಲೊಂದು ಗುಡಿಸಲು ಹಾಕಿ, ಸ್ಪಂಜಿನವರಿಗೆ ಹಗ್ಗ ಹಿಡಿಯುವ ಕೆಲಸಕ್ಕೆ ನಿಂತ. ಮೊದಲು ಯಾರೂ ಕರೆಯಲಿಲ್ಲ, ಬರಬರುತ್ತ ಕರೆದರು. ಮೆಲಿತ್ತ ದಿನವೂ ಆ ಗುಡಿಸಲ ಮುಂದಿನ ದಾರಿಯಲ್ಲೇ ನೀರಿಗೆ ಹೋಗುತ್ತಾಳೆ. ಅವನು ಎದ್ದು ನಿಲ್ಲುತ್ತಾನೆ. ಅವಳು ಮಾತಾಡಿಸುವುದಿಲ್ಲ.