ಎಣ್ಣೆ ಕೆಲಸದ ಕೂಲಿ

ಕೋವಿ ಮೇಸ್ತ್ರಿಗೆ ಸುತ್ತಮುತ್ತ ದೊಡ್ಡ ಹೆಸರು. ಹೆಸರೇನೋ ದೊಡ್ಡದೇ, ಅದರಲ್ಲಿ ಅರ್ಧ ಹೆಂಡತಿಯ ಅಂಗೈಯದು ಎಂದು ಒಬ್ಬನಾದರೂ ಹೇಳಿದ್ದರೆ ಕೇಳಿ!

ಗಿರಾಕಿಯ ಭುಜ, ತೋಳು, ಕೆನ್ನೆ ಅಳೆದು ಅವನೊಬ್ಬನಿಗೇ ಒಪ್ಪುವಂತೆ ಕೋವಿ ಮಾಡಿಕೊಡುವುದು ಮೇಸ್ತ್ರಿಯ ಕಸುಬು. ಕಬ್ಬಿಣದ ಕೆಲಸ, ಮರದ ಹಿಡಿ ಕೆತ್ತುವ ಕೆಲಸ ಅವನದು. ಆ ಹಿಡಿಗೆ ಎಣ್ಣೆ ಕುಡಿಸುವುದು ಅವಳದು. ಬಟ್ಟೆಯಲ್ಲಿ ಒರೆಸಿದರೆ ನಡೆಯದು, ಬರಿಯ ಅಂಗೈಯಲ್ಲೇ ಉಜ್ಜಬೇಕು. ಕೈಯ ಬಿಸಿಗೆ ಎಣ್ಣೆ ಮರದೊಳಗೆ ಇಳಿಯಬೇಕು. ಒಮ್ಮೆ ಉಜ್ಜಿ ಎರಡು ದಿನ ಒಣಗಿಸಿ ಮತ್ತೆ ಉಜ್ಜಿ, ಹೀಗೆ ನಲವತ್ತು ಸಲ. ಹದಿನೆಂಟು ವರ್ಷ ಉಜ್ಜಿದ್ದಳು. ಈಗ ಆರು ತಿಂಗಳಿಂದ ಬಲಗೈ ಬೆರಳುಗಳಿಗೆ ಹಿಡಿದ ಜೋಮು ಬಿಡುತ್ತಲೇ ಇರಲಿಲ್ಲ. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಬೇಗ ಆಪರೇಷನ್ ಮಾಡಿಸದಿದ್ದರೆ ಕೈ ಹೋಗುತ್ತದೆ ಎಂದಿದ್ದರು ಡಾಕ್ಟರು.

"ಈ ಸಾಹುಕಾರರ ಕೋವಿ ಮುಗೀಲಿ. ಎಣ್ಣೆ ಕೂಲಿ ಬೇರೆ ಬರೆದು ಇಸ್ಕೊಡ್ತೀನಿ, ಅದ್ರಲ್ಲಿ ಮಾಡಿಸ್ಕೊ" ಎಂದಿದ್ದ ಮೇಸ್ತ್ರಿ. ಅದನ್ನೇ ನಂಬಿ, ಬಲಗೈಯ ಮೇಲೆ ಎಡಗೈ ಒತ್ತಿಕೊಂಡು ನಲವತ್ತನ್ನೂ ಮುಗಿಸಿದಳು ಪುಣ್ಯಾತ್ಗಿತ್ತಿ.

ಸಾಹುಕಾರ ಬಂದ. ಕೋವಿಯನ್ನು ಭುಜಕ್ಕೆ ಆನಿಸಿ, ಕೆನ್ನೆ ಊರಿ, "ಆಹಾ!" ಎಂದ. ಬಿಲ್ಲು ನೋಡಿದ ಮೇಲೆ ಮುಖ ಹುಳ್ಳಗಾಯಿತು.

"ಏನ್ರೀ ಇದು! ಅಂಗಡೀಲಿ ಇಷ್ಟಕ್ಕೆ ಮೂರು ಕೋವಿ ಬರುತ್ತಲ್ರೀ!"

"ಮೂರೂ ತಗೊಳ್ಳಿ ಸಾರ್. ಒಂದಾದ್ರೂ ನಿಮ್ಮ ಭುಜಕ್ಕೆ ಹೀಗೆ ಕೂತ್ರೆ ನನ್ನ ಮೀಸೆ ಬೋಳಿಸ್ಕೋತೀನಿ. ಹನ್ನೊಂದು ತಿಂಗಳ ದುಡಿಮೆ ಇದು."

ಬಾಗಿಲಲ್ಲಿ ನಿಂತಿದ್ದ ಅವಳಿಗೆ ಹೆಮ್ಮೆಯಾಯಿತು. ಪರವಾಗಿಲ್ಲ, ನಮ್ಮವರಿಗೂ ಬಾಯಿದೆ ಎಂದುಕೊಂಡಳು.

ಸಾಹುಕಾರನ ಬೆರಳು ಕೊನೆಯ ಸಾಲಿನ ಮೇಲೆ ನಿಂತಿತು. "ಎಣ್ಣೆ ಹಚ್ಚೋಕೂ ಕೂಲೀನಾ?"

ಮೇಸ್ತ್ರಿ ಹಲ್ಲು ಕಿರಿದ. "ಅದು ಬಿಡಿ ಸಾರ್, ಮನೆಯವಳ ಕೆಲಸ. ಹೊಡೆದುಹಾಕೋಣ."

ತನ್ನ ದುಡಿಮೆಯಲ್ಲಿ ಒಂದು ಕಾಸೂ ಬಿಡದವನು ಅವಳ ಸಾಲಿನ ಮೇಲೆ ಪೆನ್ನು ಎಳೆದೇಬಿಟ್ಟ. ಥೂ, ಎಂಥ ಗಂಡಸು!

"ತಗೊಳ್ಳಮ್ಮ, ಒಂದ್ನಿಮಿಷ ಹಿಡ್ಕೊ. ದುಡ್ಡು ತೆಗೀತೀನಿ" ಎಂದು ಸಾಹುಕಾರ ಕೋವಿಯನ್ನು ಅವಳತ್ತ ಚಾಚಿದ.

ಅಭ್ಯಾಸಬಲದಿಂದ ಬಲಗೈ ಮುಂದೆ ಹೋಯಿತು. ಹಿಡಿದಳೋ ಇಲ್ಲವೋ ಆ ಕೈಗೇ ತಿಳಿಯಲಿಲ್ಲ. ಕೋವಿ ಕಲ್ಲುನೆಲಕ್ಕೆ ಬಿದ್ದು, ಮರದ ಹಿಡಿ ಸಣ್ಣಗಿರುವ ಕಡೆ ಲಟ್ಟೆಂದು ಸೀಳಿತು.

"ಕೈಗೇನಾಗಿದೆಯೇ ನಿನಗೆ!" ಮೇಸ್ತ್ರಿ ಅರಚಿದ.

"ಏನಾಗಿದೆ ಅಂತ ನಿಮಗೆ ಗೊತ್ತಿಲ್ವಾ? ಈಗ ತಾನೇ ಹೊಡೆದುಹಾಕಿದ್ರಲ್ಲ, ಅದು ನನ್ನ ಕೈ ಆಪರೇಷನ್ ದುಡ್ಡು ರೀ!" ಅವಳಿಗೆ ಕಣ್ಣೀರು ಉಕ್ಕಿ ಬಂತು.

ಸಾಹುಕಾರ ಪರ್ಸನ್ನು ಮತ್ತೆ ಜೇಬಿಗೆ ಸೇರಿಸಿದ. "ಸರಿ ಮಾಡಿ ಹೇಳಿಕಳಿಸಿ" ಎಂದು ಹೊರಟುಹೋದ.

ಮೇಸ್ತ್ರಿ ನೆಲಕ್ಕೆ ಮೊಣಕಾಲೂರಿ, ಸೀಳನ್ನು ಬೆರಳಿನಿಂದ ಸವರಿ ಸವರಿ ನೋಡಿದ. ತಲೆಯೆತ್ತದೆಯೇ ಹೇಳಿದ:

"ಅಂಟು ಹಾಕಿದ್ರೆ ಕೂಡುತ್ತೆ ಕಣೇ. ಮೇಲೆ ನೀನು ಇನ್ನೊಂದು ನಲವತ್ತು ಸಲ ಉಜ್ಜಿಬಿಟ್ರೆ ಗೊತ್ತೇ ಆಗಲ್ಲ."